ಕಪ್ಪಲ್‌ಗೆ ಹೋದವರು: ಸಮವಸ್ತ್ರವಿಲ್ಲದೆ ಯುದ್ಧ ಕಂಡವರ ಕಥೆ

ಯುದ್ಧದಲ್ಲಿ ದುಡಿದವರು ಎಂದಾಗ ನಮ್ಮ ಕಣ್ಣಮುಂದೆ ಬರುವುದು ಸಿಪಾಯಿ. ಖಾಕಿ ಬಟ್ಟೆ, ಕೈಯಲ್ಲಿ ಬಂದೂಕು, ಎದೆಯ ಮೇಲೆ ಪದಕ. ಮಂಜೇಶ್ವರ, ಉಪ್ಪಳ, ಕುಂಬಳೆಯ ಬ್ಯಾರಿ ಮನೆಗಳಲ್ಲಿ ಹುಡುಕಿದರೆ ಅಂಥ ಫೋಟೋ ಸಿಗುವುದು ಅಪರೂಪ. ಹಾಗಾಗಿ ಎರಡು ಮಹಾಯುದ್ಧಗಳ ಮಾತು ಬಂದಾಗ "ಅದು ಪಂಜಾಬಿನವರ ಕಥೆ, ಕೊಡಗಿನವರ ಕಥೆ, ನಮ್ಮದಲ್ಲ" ಎಂದು ಸುಮ್ಮನಾಗುವುದು ರೂಢಿ. ಆದರೆ ಅದೇ ಮನೆಗಳ ಹಿರಿಯರನ್ನು ಸ್ವಲ್ಪ ಮಾತಿಗೆ ಎಳೆದರೆ "ಆ ಕಾಲದಲ್ಲಿ ಅವರು ಕಪ್ಪಲ್‌ಗೆ ಹೋಗಿದ್ದರು" ಎಂಬ ಒಂದು ವಾಕ್ಯ ಸಿಗುತ್ತದೆ. ಅದರ ಮುಂದೆ ಹೆಚ್ಚಿಗೆ ಏನೂ ಸಿಗುವುದಿಲ್ಲ. ಈ ಲೇಖನ ಆ ಒಂದು ವಾಕ್ಯದ ಬಗ್ಗೆ.

1914ರಿಂದ 1918ರ ನಡುವೆ, ಆಮೇಲೆ 1939ರಿಂದ 1945ರ ನಡುವೆ, ಬ್ರಿಟಿಷ್ ಸರಕು ಹಡಗು ಹತ್ತಿದವನು ಬರೀ ಕೆಲಸಕ್ಕೆ ಹೋದವನಲ್ಲ. ಅವನು ಯುದ್ಧದ ನಡುವೆಯೇ ಹೋದವನು. ಗೋಧಿ, ಕಲ್ಲಿದ್ದಲು, ಎಣ್ಣೆ, ಮದ್ದುಗುಂಡು, ಸೈನಿಕರು, ಎಲ್ಲವೂ ಸಾಗುತ್ತಿದ್ದದ್ದು ಸಮುದ್ರದ ಮೇಲೆ. ಅದನ್ನು ತಡೆಯಲು ಶತ್ರುವಿನ ಸಬ್‌ಮೆರಿನ್‌ಗಳು ನೀರಿನಡಿ ಕಾದಿದ್ದವು. ಸಿಪಾಯಿಗೆ ಬಂದೂಕಾದರೂ ಇತ್ತು. ಹಡಗಿನ ಖಲಾಸಿಯ ಕೈಯಲ್ಲಿ ಇದ್ದದ್ದು ಹಗ್ಗ, ಕುಂಚ, ಕಲ್ಲಿದ್ದಲಿನ ಸಲಿಕೆ.

ಈ ನಾವಿಕರನ್ನು ಬ್ರಿಟಿಷರು 'ಲಸ್ಕರ್' ಎಂದು ಕರೆಯುತ್ತಿದ್ದರು. ಪದದ ಮೂಲ ಪಾರಸಿಯ 'ಲಷ್ಕರ್', ಅಂದರೆ ಸೈನ್ಯ. ಹೆಸರಿನಲ್ಲಿ ಸೈನ್ಯ ಇತ್ತು, ಲೆಕ್ಕದಲ್ಲಿ ಮಾತ್ರ ಅವರು ಕೂಲಿಗಳು. ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಹಡಗುಗಳಲ್ಲಿ ಸುಮಾರು 51,000 ಲಸ್ಕರ್‌ಗಳಿದ್ದರು. ಎರಡನೆಯದು ಶುರುವಾದಾಗಲೂ ಸುಮಾರು 50,000. ಎಂದರೆ ಆ ಹಡಗುಗಳಲ್ಲಿ ದುಡಿಯುತ್ತಿದ್ದ ನಾಲ್ವರಲ್ಲಿ ಒಬ್ಬ ನಮ್ಮ ಉಪಖಂಡದವನು. ಮೊದಲ ಯುದ್ಧದಲ್ಲಿ ಸತ್ತ ಲಸ್ಕರ್‌ಗಳ ಸಂಖ್ಯೆ 3,427 ಎಂದು ಇತಿಹಾಸಕಾರರು ಕೊಡುತ್ತಾರೆ. ಎರಡನೆಯದರಲ್ಲಿ ಸುಮಾರು 6,600. ಇನ್ನೂ ಸಾವಿರಕ್ಕೂ ಹೆಚ್ಚು ಮಂದಿ ಶತ್ರುವಿನ ಕೈಗೆ ಸಿಕ್ಕಿ ಸೆರೆಯಾದರು. ಜರ್ಮನಿಯ ಬ್ರೆಮೆನ್ ಪಟ್ಟಣದ ಹತ್ತಿರ ಹಡಗಿನವರಿಗೆಂದೇ ಇದ್ದ ಸೆರೆ ಶಿಬಿರದಲ್ಲಿ ಭಾರತದ ನಾವಿಕರೂ ವರ್ಷಗಟ್ಟಲೆ ಕಳೆದರು.

ಹಡಗಿನೊಳಗೆ ಒಂದು ಸಣ್ಣ ಊರೇ ಇರುತ್ತಿತ್ತು. ಮೇಲಿನ ಡೆಕ್‌ಗೆ ಸರಂಗ ಯಜಮಾನ. ಅವನ ಕೆಳಗೆ ಟಿಂಡೇಲ್, ಚುಕ್ಕಾಣಿ ಹಿಡಿಯುವ ಸುಖಾಣಿ, ಆಮೇಲೆ ಖಲಾಸಿಗಳು. ಅಡುಗೆಗೆ ಭಂಡಾರಿ. ಕೆಳಗೆ, ಇಂಜಿನ್ನಿನ ಹೊಟ್ಟೆಯಲ್ಲಿ, ಬೆಂಕಿ ನೋಡುವ ಆಗ್‌ವಾಲಾ ಮತ್ತು ಅವನಿಗೆ ಕಲ್ಲಿದ್ದಲು ತಂದು ಸುರಿಯುವ ಕೋಯ್ಲಾವಾಲಾ. ರತ್ನಾಗಿರಿ ಕಡೆಯವರು, ಗುಜರಾತಿನವರು, ಗೋವೆಯವರು, ಸಿಲ್ಹೆಟ್ಟಿನವರು, ಲಕ್ಷದ್ವೀಪದ ಮಿನಿಕಾಯ್‌ಯವರು, ಮಲಬಾರಿನವರು ಹೀಗೆ ಹಲವು ಕಡೆಯವರು ಒಂದೇ ಹಡಗಿನಲ್ಲಿ. ಟಾರ್ಪಿಡೊ ಬಂದು ಬಡಿಯುವುದು ಹೆಚ್ಚಾಗಿ ನೀರಿನ ಮಟ್ಟದ ಕೆಳಗೆ. ಅಲ್ಲಿರುವುದು ಬಾಯ್ಲರ್, ಅಲ್ಲಿ ನಿಂತಿರುವವನು ಆಗ್‌ವಾಲಾ. ಮೇಲೆ ಬರಲು ಇದ್ದದ್ದು ಕಡಿದಾದ ಕಬ್ಬಿಣದ ಏಣಿ. ದೀಪ ಆರಿದ ಮೇಲೆ, ಕುದಿಯುವ ಹಬೆಯ ನಡುವೆ, ಆ ಏಣಿ ಹುಡುಕಿ ಹತ್ತುವವರು ಎಷ್ಟು ಮಂದಿ? ಇದು ಗೊತ್ತಿದ್ದೂ ಪ್ರತಿ ನಾಲ್ಕು ಗಂಟೆಯ ಪಾಳಿಗೆ ಕೆಳಗೆ ಇಳಿಯುವುದಕ್ಕೆ ಏನು ಹೆಸರು ಕೊಡಬೇಕು?

ನಮ್ಮ ಕಾಸರಗೋಡು ಆಗ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲಾ ಕೇಂದ್ರ ಮಂಗಳೂರು. ದೊಡ್ಡ ಹಡಗು ಹತ್ತಬೇಕಾದರೆ ಬೊಂಬಾಯಿಗೆ ಹೋಗಬೇಕು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಆ ಕಾಲದ ದಾರಿ ಸಮುದ್ರವೇ. ಮಂಗಳೂರಿನಿಂದ ಕರಾವಳಿ ಸ್ಟೀಮರ್, ಇಲ್ಲವೇ ಹಂಚು, ಮೆಣಸು ತುಂಬಿದ ಪತ್ತೆಮಾರಿ. ಬೊಂಬಾಯಿಯಲ್ಲಿ ಊರಿನವರ ಕೋಣೆಯಲ್ಲಿ ಮಲಗಿ, ಸರಂಗನ ಕೈಕಾಲು ಹಿಡಿದು, ಹೆಸರು ಬರೆಸಿಕೊಳ್ಳಬೇಕು. ಹೆಸರು ಬರೆದ ಮೇಲೆ ಸಿಗುವುದು ಕೆಲಸದ ದಾಖಲೆ ಪುಸ್ತಕ. ಅದನ್ನು ನಾವಿಕರು 'ನಲ್ಲಿ' ಎಂದು ಕರೆಯುತ್ತಿದ್ದರು.

ನನ್ನ ಉಪ್ಪಾಪನ ಅಣ್ಣ ಹೀಗೆ ಹೋದವರಲ್ಲಿ ಒಬ್ಬರು. ಮನೆಯಲ್ಲಿ ಅವರ ಬಗ್ಗೆ ಉಳಿದಿರುವುದು ಬಹಳ ಕಡಿಮೆ. ಅವರು ಕೋಯ್ಲಾವಾಲಾ ಆಗಿದ್ದರು. ಯುದ್ಧದ ಸಮಯದಲ್ಲಿ ಅವರಿದ್ದ ಹಡಗು ಮುಳುಗಿತು. ದೋಣಿಯಲ್ಲಿ ಇದ್ದವರನ್ನು ಬೇರೆ ಹಡಗಿನವರು ಎತ್ತಿಕೊಂಡರು. ಅವರು ಊರಿಗೆ ಬಂದಾಗ ಕೈಯಲ್ಲಿ ಒಂದು ಉಣ್ಣೆ ಕಂಬಳಿ ಇತ್ತು, ಬೇರೇನೂ ಇರಲಿಲ್ಲ. ಒಂದು ಮಳೆಗಾಲ ಮನೆಯಲ್ಲಿ ಕೂತು ಮತ್ತೆ ಬೊಂಬಾಯಿಗೆ ಹೊರಟರು. "ಮುಳುಗಿದ ಮೇಲೂ ಮತ್ತೆ ಯಾಕೆ ಹೋದರು?" ಎಂದು ನಾನು ಉಮ್ಮಾಮನಲ್ಲಿ ಕೇಳಿದ್ದೆ. "ಅಕ್ಕಿ ತರಬೇಕಿತ್ತಲ್ಲ ಮೋನೇ" ಎಂದಿದ್ದರು. ಅಷ್ಟೇ ಉತ್ತರ.

ಆ ಉತ್ತರದ ಹಿಂದೆ ಒಂದು ಚರಿತ್ರೆ ಇದೆ. 1942ರ ಮಾರ್ಚ್ 8ರಂದು ರಂಗೂನ್ ಜಪಾನಿನ ಕೈಗೆ ಹೋಯಿತು. ಬರ್ಮಾದ ಅಕ್ಕಿ ಬರುವುದು ನಿಂತಿತು. ಕರಾವಳಿಯ ಮನೆಗಳಿಗೆ ಅದು ದೊಡ್ಡ ಪೆಟ್ಟು. ರೇಷನ್ ಬಂತು, ಗಂಜಿ ತೆಳ್ಳಗಾಯಿತು, ಮರಗೆಣಸು ಊಟವಾಯಿತು. ಏಪ್ರಿಲ್ 5ರಂದು ಜಪಾನಿನ ವಿಮಾನಗಳು ಕೊಲಂಬೊ ಮೇಲೆ ಬಾಂಬು ಹಾಕಿದವು. ಮರುದಿನ ವಿಶಾಖಪಟ್ಟಣ, ಕಾಕಿನಾಡ. ಅದೇ ವಾರ ಬಂಗಾಳ ಕೊಲ್ಲಿಯಲ್ಲಿ ಸರಕು ಹಡಗುಗಳು ಸಾಲಾಗಿ ಮುಳುಗಿದವು. ಯುದ್ಧ ಯುರೋಪಿನಲ್ಲಿ ಇದೆ ಎಂದುಕೊಂಡಿದ್ದವರಿಗೆ ಅದು ನಮ್ಮ ಸಮುದ್ರಕ್ಕೇ ಬಂದದ್ದು ಕಾಣಿಸಿತು. ಹೀಗಿರುವಾಗ ಮತ್ತೆ ಹಡಗು ಹತ್ತಿದವನಿಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ. "ಅವರು ಹೊಟ್ಟೆಪಾಡಿಗೆ ಹೋದವರು, ಯುದ್ಧ ಬ್ರಿಟಿಷರದ್ದು. ಇದರಲ್ಲಿ ಧೈರ್ಯ ಎಲ್ಲಿ ಬಂತು?" ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಯುದ್ಧ ನಮ್ಮನ್ನು ಕೇಳಿ ಶುರುವಾದದ್ದಲ್ಲ, ನಿಜ. ಹೋದವರು ಹಸಿವಿಗಾಗಿ ಹೋದರು, ಅದೂ ನಿಜ. ಆದರೆ 1939ರಲ್ಲಿ ಏನಾಯಿತು ಎಂದು ನೋಡಿ. ಯುದ್ಧ ಘೋಷಣೆಯಾದ ಕೆಲವೇ ವಾರಗಳಲ್ಲಿ ಲಂಡನ್, ಗ್ಲಾಸ್ಗೊ ಮುಂತಾದ ಬಂದರುಗಳಲ್ಲಿ ಲಸ್ಕರ್‌ಗಳು ಕೆಲಸಕ್ಕೆ ಇಳಿಯಲು ಒಪ್ಪಲಿಲ್ಲ. ಅವರ ಸಂಬಳ ಬ್ರಿಟಿಷ್ ನಾವಿಕನ ಸಂಬಳದ ನಾಲ್ಕನೇ, ಐದನೇ ಒಂದು ಭಾಗ. ಅಪಾಯ ಮಾತ್ರ ಇಬ್ಬರಿಗೂ ಒಂದೇ. ಸಂಬಳ ಹೆಚ್ಚಿಸಿ, ಯುದ್ಧದ ಭತ್ಯೆ ಕೊಡಿ, ಬೆಚ್ಚಗಿನ ಬಟ್ಟೆ ಕೊಡಿ ಎಂದು ಕೇಳಿದರು. ನೂರಾರು ಮಂದಿ ಪರದೇಶದ ಜೈಲಿಗೆ ಹೋದರು. ಕೊನೆಗೆ ಸಂಬಳ ಏರಿತು. ನಾವಿಕರ ಸಂಘದ ನಾಯಕ ಅಫ್ತಾಬ್ ಅಲಿ ಅವರ ಹೆಸರು ಈ ಹೋರಾಟದ ಜೊತೆ ಸೇರಿಕೊಂಡಿದೆ.

ನನಗೆ ಇದರಲ್ಲಿ ಎರಡು ಧೈರ್ಯ ಕಾಣುತ್ತದೆ. ಅಪಾಯದ ಬೆಲೆ ಎಷ್ಟು ಎಂದು ದೊರೆಯ ಮುಖಕ್ಕೆ ಹೇಳಿದ ಧೈರ್ಯ ಒಂದು. ಹೇಳಿದ ಮೇಲೆ ಹಡಗು ಹತ್ತಿ, ಪಾಳಿ ತಪ್ಪಿಸದೆ ದುಡಿದ ಧೈರ್ಯ ಇನ್ನೊಂದು. ಯಾರೋ ಮೆಚ್ಚಲಿ ಎಂದು ಮಾಡಿದ ಸಾಹಸ ಅದಲ್ಲ. ಮನೆಯ ಒಲೆ ಉರಿಯಲಿ ಎಂದು ಮಾಡಿದ್ದು. ಹಾಗೆಂದು ಅದನ್ನು ಸಣ್ಣದು ಎನ್ನಲಾಗದು.

ಎರಡು ಹಡಗುಗಳ ಕಥೆ ಹೇಳಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು 'ಸಿಟಿ ಆಫ್ ಬೆನಾರೆಸ್'. ಹೆಸರು ನಮ್ಮ ಕಾಶಿಯದು, ಹಡಗು ಬ್ರಿಟಿಷರದು. 1940ರ ಸೆಪ್ಟೆಂಬರ್ 13ರಂದು ಅದು ಲಿವರ್‌ಪೂಲ್‌ನಿಂದ ಕೆನಡಾಕ್ಕೆ ಹೊರಟಿತು. ಬಾಂಬು ದಾಳಿಯಿಂದ ಪಾರು ಮಾಡಲು ಕಳಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. ಸೆಪ್ಟೆಂಬರ್ 17ರ ರಾತ್ರಿ ಜರ್ಮನ್ ಸಬ್‌ಮೆರಿನ್ ಅದನ್ನು ಮುಳುಗಿಸಿತು. 90 ಮಕ್ಕಳಲ್ಲಿ 77 ಮಂದಿ ಸತ್ತರು. ಜಗತ್ತು ಆ ಮಕ್ಕಳನ್ನು ನೆನೆಯುತ್ತದೆ, ನೆನೆಯಲೇಬೇಕು. ಆದರೆ ಅದೇ ರಾತ್ರಿ ಸುಮಾರು ನೂರು ಲಸ್ಕರ್‌ಗಳೂ ಸತ್ತರು. ಉತ್ತರ ಅಟ್ಲಾಂಟಿಕ್‌ನ ಚಳಿಗೆ ಅವರ ತೆಳು ಬಟ್ಟೆ ಏನೂ ಆಗಿರಲಿಲ್ಲ. ಹನ್ನೆರಡನೇ ನಂಬರಿನ ದೋಣಿಯಲ್ಲಿ 46 ಮಂದಿ ಎಂಟು ದಿನ ಸಮುದ್ರದಲ್ಲಿ ತೇಲಿ ಬದುಕಿದರು. ಅವರಲ್ಲಿ ಆರು ಮಂದಿ ಹುಡುಗರು, ಮೂವತ್ತಕ್ಕೂ ಹೆಚ್ಚು ಮಂದಿ ಲಸ್ಕರ್‌ಗಳು. ಆ ದೋಣಿಯ ಕಥೆ ಹೇಳುವಾಗ ಹುಡುಗರ ಹೆಸರು ಬರುತ್ತದೆ. ಲಸ್ಕರ್‌ಗಳು ಬರೀ ಒಂದು ಸಂಖ್ಯೆ.

ಎರಡನೆಯದು 'ತಿಲಾವಾ'. 1942ರ ನವೆಂಬರ್ 20ರಂದು ಬೊಂಬಾಯಿಯಿಂದ ಪೂರ್ವ ಆಫ್ರಿಕಾದ ಮೊಂಬಾಸಾ ಕಡೆಗೆ ಹೊರಟಿತು. ಹಡಗಿನಲ್ಲಿ 958 ಮಂದಿ. ಅವರಲ್ಲಿ 222 ಮಂದಿ ಹಡಗಿನ ಕೆಲಸದವರು. ನವೆಂಬರ್ 23ರ ನಸುಕಿನಲ್ಲಿ, ಎಲ್ಲರೂ ಮಲಗಿದ್ದಾಗ, ಜಪಾನಿನ ಸಬ್‌ಮೆರಿನ್ ಟಾರ್ಪಿಡೊ ಬಿಟ್ಟಿತು. ದೋಣಿ ಇಳಿಸಿದರು. ಹಡಗು ಕೂಡಲೇ ಮುಳುಗದ್ದನ್ನು ನೋಡಿ ಕೆಲವರು ಮತ್ತೆ ಮೇಲೆ ಹತ್ತಿದರು. ಆಗ ಎರಡನೇ ಟಾರ್ಪಿಡೊ ಬಂತು. 280 ಮಂದಿ ಸತ್ತರು. ಉಳಿದವರನ್ನು 'ಬರ್ಮಿಂಗ್‌ಹ್ಯಾಮ್' ಎಂಬ ಯುದ್ಧನೌಕೆ ಮತ್ತು 'ಕಾರ್ಥೇಜ್' ಎಂಬ ಹಡಗು ಎತ್ತಿಕೊಂಡವು.

ತಿಲಾವಾದ ಹೊಟ್ಟೆಯಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತಿದ್ದ ಬೆಳ್ಳಿಯೂ ಇತ್ತು. 2,364 ಗಟ್ಟಿಗಳು. 2017ರಲ್ಲಿ ಒಂದು ಕಂಪೆನಿ ಎರಡು ಕಿಲೋಮೀಟರ್‌ಗಿಂತಲೂ ಆಳದಿಂದ ಅದನ್ನು ಮೇಲೆತ್ತಿ ಇಂಗ್ಲೆಂಡಿಗೆ ಒಯ್ದಿತು. ಬೆಳ್ಳಿ ಯಾರದ್ದು ಎಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2024ರಲ್ಲಿ ತೀರ್ಪು ಬಂತು. 75 ವರ್ಷ ಸಮುದ್ರದ ತಳದಲ್ಲಿದ್ದ ಬೆಳ್ಳಿಗೆ ಗಟ್ಟಿ ಗಟ್ಟಿಯಾಗಿ ಲೆಕ್ಕವಿತ್ತು, ಕೇಳಲು ವಾರಸುದಾರರಿದ್ದರು. ಅದೇ ಹಡಗಿನಲ್ಲಿ ಹೋದ ಆಗ್‌ವಾಲಾ ಯಾವ ಊರಿನವನು, ಅವನ ಮಕ್ಕಳು ಏನಾದರು ಎಂದು ಕೇಳಲು ಯಾರೂ ಕೋರ್ಟಿಗೆ ಹೋಗಲಿಲ್ಲ. ಆದರೂ ಒಂದು ಒಳ್ಳೆಯ ಕೆಲಸ ಆಗಿದೆ. 2022ರಲ್ಲಿ, ತಿಲಾವಾ ಮುಳುಗಿ 80 ವರ್ಷವಾದಾಗ, ಅದರಲ್ಲಿ ಹೋದವರ, ಬದುಕಿ ಬಂದವರ ಕುಟುಂಬದವರು ಮುಂಬಯಿಯಲ್ಲಿ ಸೇರಿ ಸ್ಮರಿಸಿದರು. ಸರಕಾರವಲ್ಲ, ಮನೆಯವರೇ ಮಾಡಿದ್ದು.

ಹೆಸರುಗಳು ಎಲ್ಲೂ ಇಲ್ಲವೇ ಎಂದರೆ ಇವೆ. ಲಂಡನ್ನಿನ ಟವರ್ ಹಿಲ್‌ನಲ್ಲಿ ಸರಕು ಹಡಗಿನ ನಾವಿಕರ ದೊಡ್ಡ ಸ್ಮಾರಕವಿದೆ. ಸಮುದ್ರವಲ್ಲದೆ ಬೇರೆ ಸಮಾಧಿ ಇಲ್ಲದವರ ಹೆಸರುಗಳು ಅಲ್ಲಿವೆ. ಅದೇ ಹಡಗುಗಳಲ್ಲಿ ಸತ್ತ ನಮ್ಮವರ ಹೆಸರುಗಳನ್ನು ಮಾತ್ರ ಬೇರೆ ಕಡೆ ಇಟ್ಟರು. ಮುಂಬಯಿಯ ಮಸ್ಜಿದ್ ಬಂದರ್ ಹತ್ತಿರದ ನಾವಿಕರ ವಸತಿಗೃಹದಲ್ಲಿ ಮೊದಲ ಯುದ್ಧದಲ್ಲಿ ಸತ್ತ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕವಿದೆ. ಎರಡನೇ ಯುದ್ಧದವರದು ಮುಂಬಯಿ ಮತ್ತು ಚಿತ್ತಗಾಂಗ್ ಎರಡು ಕಡೆ ಹಂಚಿಕೊಂಡ ಸ್ಮಾರಕ. ಅದರಲ್ಲಿ 6,000ಕ್ಕೂ ಹೆಚ್ಚು ಹೆಸರುಗಳಿವೆ, ಪುಸ್ತಕದ ರೂಪದಲ್ಲಿ. ಕೊಲ್ಕತ್ತಾದಲ್ಲಿ ಹೂಗ್ಲಿ ನದಿಯ ದಂಡೆಯಲ್ಲಿ 1924ರ ಲಸ್ಕರ್ ಸ್ಮಾರಕವಿದೆ. ಅದು ಬಂಗಾಳ, ಅಸ್ಸಾಮಿನ 896 ನಾವಿಕರಿಗೆ.

ಮುಂಬಯಿಗೆ ಹೋದಾಗ ಮೊಹಮ್ಮದಲಿ ರೋಡಿಗೆ, ಹಾಜಿ ಅಲಿಗೆ ಹೋಗುವ ನಾವು ಮಸ್ಜಿದ್ ಬಂದರಿನ ಆ ಕಟ್ಟಡದ ಮುಂದೆಯೂ ಒಮ್ಮೆ ನಿಲ್ಲಬಹುದು. ದೂರವೇನೂ ಇಲ್ಲ.

ಆದರೆ ಹೆಸರು ಹುಡುಕುವುದು ಸುಲಭವಲ್ಲ. ನಮ್ಮವನು ಬೊಂಬಾಯಿಯ ಕಚೇರಿಯಲ್ಲಿ ಹೆಸರು ಬರೆಸಿದಾಗ ಅವನನ್ನು ಬೊಂಬಾಯಿಯವರ ಜೊತೆಗೇ ಸೇರಿಸಿಬಿಟ್ಟರು. ನಮ್ಮಲ್ಲಿ ಒಬ್ಬನ ಗುರುತು ಮನೆ ಹೆಸರಿನಿಂದ. ಆ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಮೊಯ್ದಿನ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದ. ಕುಂಞಿ, ಇದಿನಬ್ಬ, ಪೊಡಿಯಬ್ಬ ಇವರೆಲ್ಲ ಆ ಅಕ್ಷರಗಳಲ್ಲಿ ಏನಾದರೋ! ನನ್ನ ಉಪ್ಪಾಪನ ಅಣ್ಣನ ನಲ್ಲಿಯಲ್ಲಿ ಅವರ ಹೆಸರನ್ನು ಎರಡು ಪುಟಗಳಲ್ಲಿ ಎರಡು ರೀತಿ ಬರೆದಿದ್ದಾರೆ. ಅವರದ್ದು ಹೆಬ್ಬೆಟ್ಟಿನ ಸಹಿ. ತಿದ್ದಿ ಎಂದು ಹೇಳಲು ಅವರಿಗೆ ಅಕ್ಷರ ಗೊತ್ತಿರಲಿಲ್ಲ.

ಹಡಗಿಗೆ ಹೋಗಿ ಮರಳದವರ ಮನೆಯಲ್ಲಿ ಉಳಿದ ಹೆಂಗಸರ ಬಗ್ಗೆಯೂ ಹೇಳದೆ ಈ ಚರಿತ್ರೆ ಪೂರ್ತಿಯಾಗುವುದಿಲ್ಲ. ಸಮುದ್ರದಲ್ಲಿ ಸತ್ತವನ ಮಯ್ಯಿತ್ ಮನೆಗೆ ಬರುವುದಿಲ್ಲ. ಕಫನ್ ಇಲ್ಲ, ಖಬರ್ ಇಲ್ಲ, ಜುಮಾದ ದಿನ ಹೋಗಿ ನಿಂತು ದುಆ ಮಾಡಲು ಒಂದು ಮೀಸಾನ್ ಕಲ್ಲೂ ಇಲ್ಲ. ಗಾಯಿಬ್ ಮಯ್ಯಿತ್ ನಮಾಝ್‌ಗೆ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಅವಕಾಶವಿದೆ. ಆದರೆ ಅದನ್ನು ಮಾಡಬೇಕಾದರೂ ಸತ್ತ ಸುದ್ದಿ ಖಚಿತವಾಗಬೇಕು. ಯುದ್ಧಕಾಲದಲ್ಲಿ ಹಡಗಿನ ಸುದ್ದಿಯೆಲ್ಲ ಗುಟ್ಟು. ತಿಂಗಳ ಮನಿಯಾರ್ಡರ್ ಬಾರದೇ ಹೋದದ್ದೇ ಎಷ್ಟೋ ಮನೆಗಳಿಗೆ ಮೊದಲ ಸುದ್ದಿ. ಅವನು ಸೆರೆಯಾದನೋ, ಬೇರೆ ಬಂದರಿನಲ್ಲಿ ಆಸ್ಪತ್ರೆಯಲ್ಲಿದ್ದಾನೋ, ಸತ್ತನೋ? ಇದ್ದತ್ ಕೂರಬೇಕೋ, ಕಾಯಬೇಕೋ? ಕೈಯಲ್ಲಿ ಮಗು, ಅಡುಗೆಮನೆಯಲ್ಲಿ ರೇಷನ್ ಅಕ್ಕಿ, ಎದುರಿಗೆ ಸಮುದ್ರ. ಟೊಪ್ಪಿ ಹೊಲಿದು, ಬೀಡಿ ಸುತ್ತಿ, ತೆಂಗಿನ ನಾರು ಹೊಸೆದು ಮಕ್ಕಳನ್ನು ಸಾಕಿದ ಆ ಉಮ್ಮಂದಿರ ಹೆಸರು ಯಾವ ಸ್ಮಾರಕದಲ್ಲೂ ಇಲ್ಲ. ನೀರಿನಲ್ಲಿ ಮುಳುಗಿ ಸತ್ತವನಿಗೂ ಶಹೀದನ ಸ್ಥಾನವಿದೆ ಎಂದು ಹದೀಸ್‌ನಲ್ಲಿ ಇರುವುದನ್ನು ಉಸ್ತಾದರು ಹೇಳಿದಾಗ ಅದು ಅವರಿಗೆ ಎಷ್ಟು ದೊಡ್ಡ ಸಮಾಧಾನವಾಗಿರಬೇಕು!

ಇದೆಲ್ಲ ಹಳೆಯ ಕಥೆ ಎಂದುಕೊಳ್ಳಬೇಡಿ. ಪಾಲಕುನ್ನು, ಕೋಟಿಕುಳಂ, ಉದುಮ ಕಡೆ ಇವತ್ತಿಗೂ ಮರ್ಚೆಂಟ್ ನೇವಿಯಲ್ಲಿ ಮಕ್ಕಳಿರುವ ಮನೆಗಳು ಬಹಳ ಇವೆ. ಎಲ್ಲ ಜಾತಿ, ಎಲ್ಲ ಮತದವರ ಮನೆಗಳು. 2023ರ ಕೊನೆಯಿಂದ ಕೆಂಪು ಸಮುದ್ರದ ಕಡೆ ಸರಕು ಹಡಗುಗಳ ಮೇಲೆ ಕ್ಷಿಪಣಿ ಬೀಳಲು ಶುರುವಾಯಿತು. 2024ರ ಜನವರಿಯಲ್ಲಿ ಏಡನ್ ಕೊಲ್ಲಿಯಲ್ಲಿ ಬೆಂಕಿ ಹಿಡಿದ 'ಮಾರ್ಲಿನ್ ಲುವಾಂಡಾ' ಎಂಬ ಎಣ್ಣೆ ಹಡಗಿನಲ್ಲಿ 22 ಮಂದಿ ಭಾರತೀಯರಿದ್ದರು. ನಮ್ಮ ನೌಕಾಪಡೆಯ 'ವಿಶಾಖಪಟ್ಟಣಂ' ಹೋಗಿ ಬೆಂಕಿ ಆರಿಸಲು ನೆರವಾಯಿತು. ಯಾರದ್ದೋ ಯುದ್ಧ, ನಡುವೆ ಸಿಕ್ಕಿಬಿದ್ದವರು ಹಡಗಿನ ಕೆಲಸದವರು. ಇವತ್ತು ವಾಟ್ಸಾಪ್‌ನಲ್ಲಿ ಮೆಸೇಜ್ ಬಾರದಿದ್ದರೆ ತಾಯಿ ನಿದ್ದೆ ಮಾಡುವುದಿಲ್ಲ. ಅಂದು ವರ್ಷಗಟ್ಟಲೆ ಕಾಗದವೇ ಬರುತ್ತಿರಲಿಲ್ಲ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ತರವಾಡಿನ ಅಟ್ಟದಲ್ಲಿ ಹಳೆಯ ತಗಡಿನ ಪೆಟ್ಟಿಗೆ ಇದ್ದರೆ ತೆರೆದು ನೋಡಿ. ಮುದ್ರೆ ಬಿದ್ದ ಹಳದಿ ಕಾಗದ, ಹಡಗಿನ ಹೆಸರಿರುವ ಪುಸ್ತಕ, ಬೊಂಬಾಯಿಯಿಂದ ಬಂದ ಮನಿಯಾರ್ಡರ್ ಚೂರು, ಯಾವುದನ್ನೂ ಒಲೆಗೆ ಹಾಕಬೇಡಿ, ಗುಜರಿಗೆ ಕೊಡಬೇಡಿ. ಫೋಟೋ ತೆಗೆದಿಡಿ. ಮನೆಯಲ್ಲಿ 80 ದಾಟಿದವರಿದ್ದರೆ ಈ ವಾರವೇ ಕೂತು ಕೇಳಿ: ಯಾರು ಹೋದರು, ಯಾರ ಜೊತೆ ಹೋದರು, ಹಡಗಿನ ಹೆಸರು ಏನು, ಯಾವ ಮಳೆಗಾಲದಲ್ಲಿ ಸುದ್ದಿ ಬಂತು. ಅವರು ಬ್ಯಾರಿಯಲ್ಲಿ ಹೇಳಿದ್ದನ್ನು ಬ್ಯಾರಿಯಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಕನ್ನಡದಲ್ಲಿ ಬರೆಯಿರಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ಯಾರೂ ಹುಡುಕಬಹುದು. ಅಲ್ಲಿ ಕೆಲವು ಹೆಸರುಗಳ ಜೊತೆ ತಂದೆಯ ಹೆಸರು, ಊರಿನ ಹೆಸರೂ ಇದೆ. ಹುಡುಕುವಾಗ ಒಂದೇ ಸ್ಪೆಲ್ಲಿಂಗ್ ಹಿಡಿದು ಕೂರಬೇಡಿ. ಹಡಗಿನ ಹೆಸರು, ಮುಳುಗಿದ ತಾರೀಕು ಸಿಕ್ಕಿದರೆ ಅರ್ಧ ಕೆಲಸ ಆದಂತೆ.

ಪ್ರತಿ ವರ್ಷ ಏಪ್ರಿಲ್ 5 ನಮ್ಮ ದೇಶದಲ್ಲಿ ರಾಷ್ಟ್ರೀಯ ಸಮುದ್ರಯಾನ ದಿನ. 1919ರಲ್ಲಿ ಅದೇ ದಿನ 'ಲಾಯಲ್ಟಿ' ಎಂಬ ಭಾರತೀಯರ ಹಡಗು ಬೊಂಬಾಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನ ನಮ್ಮ ಮದ್ರಸಗಳಲ್ಲಿ, ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ ಅರ್ಧ ಗಂಟೆ ಈ ಕಪ್ಪಲ್‌ಕಾರರ ಬಗ್ಗೆ ಮಾತಾಡಬಹುದು. ಊರಿನಲ್ಲಿ ಎಷ್ಟು ಹೆಸರು ಸಿಕ್ಕಿತೋ ಅಷ್ಟನ್ನು ಮನೆ ಹೆಸರಿನ ಸಮೇತ ಗಟ್ಟಿಯಾಗಿ ಓದಬಹುದು. ಬೊಂಬಾಯಿಯ ಪುಸ್ತಕದಲ್ಲಿ ಬಿಟ್ಟುಹೋದ ಆ ಮನೆ ಹೆಸರನ್ನು ಸೇರಿಸಲು ಸಾಧ್ಯವಿರುವುದು ನಮಗೆ ಮಾತ್ರ.